ಹಿಮದ ಗುಡ್ಡದಲ್ಲಿ ಅಳಿವೆಯ ಮಾತು

ಹಾಸ್ಟೆಲ್, ಭಟ್ಕಳ
1 ಫೆಬ್ರವರಿ 2026, ಭಾನುವಾರ

ಅಪ್ಪ,

ನಿನ್ನೆ ಫೋನಲ್ಲಿ ನೀನು "ಎಂತ ಆತೇ ನಿಂಗೆ? ಸ್ವರನೇ ಇಲ್ಲ" ಅಂದೆ. ನಾನು ಥಂಡಿ ಅಂದೆ. ಥಂಡಿ ಅಲ್ಲ. ಫೋನಲ್ಲಿ ಹೇಳುವ ಹಾಗಿರಲಿಲ್ಲ. ನೀನು ಸ್ಪೀಕರ್ ಹಾಕಿಟ್ಟು ಬಲೆ ಸರಿ ಮಾಡುತ್ತಾ ಕೂತಿರುತ್ತೀ. ಆಯಿ ಕೇಳುತ್ತಾಳೆ, ಪಕ್ಕದ ಮನೆಯ ವಸಂತಕ್ಕ ಕೇಳುತ್ತಾಳೆ, ಸಂಜೆಯೊಳಗೆ ಕಾಸರಕೋಡ ಊರಿಗೆಲ್ಲ ಗೊತ್ತಾಗುತ್ತದೆ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿದ್ದು, ಭಾನುವಾರಕ್ಕೊಂದು ಪತ್ರ ಅಂತ ಬರೆದೂ ಬರೆದೂ, ನಿಜ ಹೇಳಬೇಕಾದಾಗ ನನಗೆ ಬಾಯಿಗಿಂತ ಪೆನ್ನೇ ಹತ್ತಿರ. ಇದನ್ನು ಓದಿ ಆಯಿಗೆ ಕೊಡಬೇಡ, ಪ್ಲೀಸ್, ಹೆತ್ತವಳಿಗೆ ತಡೆದುಕೊಳ್ಳಲು ಆಗುವುದಿಲ್ಲ.

ಚಂದನಾ ಬಿದ್ದದ್ದು ನನ್ನಿಂದ.

ಮನೆಯಲ್ಲಿ ನಾನು ಹೇಳಿದ್ದು ಅರ್ಧ ಮಾತ್ರ. ಕುಮಟೆಯಿಂದ ಚಂದನಾಳ ಅಪ್ಪ ದಿವಾಕರ ಅಂಕಲ್ ಮನೆಯವರೂ ಅವರ ದೋಸ್ತ ರಾಘು ಅಂಕಲ್ ಮನೆಯವರೂ ಸೇರಿ ಕಜಕಸ್ತಾನಕ್ಕೆ ಸ್ಕೀ ಟೂರ್ ಹೊರಟದ್ದು, ರಾಘು ಅಂಕಲ್ ಮಗಳು ಪರೀಕ್ಷೆ ಅಂತ ಹಿಂದೆ ಸರಿದದ್ದು, ಚಂದನಾ ಹಟ ಹಿಡಿದು ಆ ಸೀಟಿಗೆ ನನ್ನನ್ನು ಕೂರಿಸಿದ್ದು, ಇದೆಲ್ಲ ನಿನಗೆ ಗೊತ್ತು. ಹತ್ತನೇ ಕ್ಲಾಸಲ್ಲಿ ಸೈನ್ಸ್ ಟೂರಿಗೆ ಅಂತ ಮಾಡಿಸಿ, ಟೂರೇ ಕ್ಯಾನ್ಸಲ್ ಆಗಿ, ಆಯಿಯ ಟ್ರಂಕಿನಲ್ಲಿ ಮಲಗಿದ್ದ ಪಾಸ್‌ಪೋರ್ಟಿಗೆ ಕೊನೆಗೂ ಎಚ್ಚರ ಆಯಿತು ಅಂತ ನೀನೇ ನಕ್ಕಿದ್ದೆ.

ಗೊತ್ತಿಲ್ಲದ್ದು ಜನವರಿ ಮೂರನೇ ತಾರೀಕಿನದು. ಅದು ನಮ್ಮ ನಾಲ್ಕನೇ ದಿನ. ನಮಗೆ ಕಲಿಸುತ್ತಿದ್ದವನ ಹೆಸರು ಯೆರ್ಲಾನ್. ಸ್ಕೀ ಅಂದರೆ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವುದು. ವೇಗ ಹೆಚ್ಚಾದರೆ ನಿಲ್ಲುವ ಉಪಾಯ ಒಂದೇ. ಹಲಗೆಯನ್ನು ಇಳಿಜಾರಿಗೆ ಅಡ್ಡ ತಿರುಗಿಸಬೇಕು. ಮೂರು ದಿನವೂ ಅವನು ಅದೊಂದನ್ನೇ ಹೇಳಿದ. ಟರ್ನ್, ಟರ್ನ್. ನಾನು ತಲೆ ಆಡಿಸಿದೆ, ಕಲಿಯಲಿಲ್ಲ. ಹಿಮ್ಮಡಿಯಲ್ಲಿ ಗುಳ್ಳೆ ಎದ್ದು, ಹಲಗೆ ಬಿಚ್ಚಿಟ್ಟು ಬದಿಯಲ್ಲಿ ಕೂತಿದ್ದೆ. ದೊಡ್ಡವರೆಲ್ಲ ಚಹಾ ಕುಡಿಯಲು ಒಳಗೆ ಹೋಗಿದ್ದರು. ಕಂಬಗಳ ಮೇಲೆ ತಂತಿಯಲ್ಲಿ ಓಡುವ ಲಿಫ್ಟಿನಲ್ಲಿ ಮೇಲೆ ಹೋಗಿದ್ದ ಚಂದನಾ ಇಳಿದು ಬಂದಳು. ಕಡಿದಾದ ಜಾಗ ಬಂದದ್ದೇ ಅಡ್ಡ ತಿರುಗಲು ನೋಡಿದಳು. ಯೆರ್ಲಾನ್ ಕೆಳಗಿನಿಂದ ಟರ್ನ್ ಅಂತ ಕೂಗುತ್ತಲೇ ಇದ್ದ. ಗಾಳಿಗೆ ಹಿಮದ ಪುಡಿ ಎದ್ದಿತ್ತು. ಆ ಬಿಳಿಯ ನಡುವೆ ಅವಳು ಅಡ್ಡ ಆಗುತ್ತಿದ್ದಳು.

ಅಪ್ಪ, ನನಗೆ ಕಂಡದ್ದು ನಮ್ಮ ಅಳಿವೆ. ಶರಾವತಿ ಸಮುದ್ರಕ್ಕೆ ಸೇರುವಲ್ಲಿ, ತೆರೆ ಮುರಿಯುವಾಗ ದೋಣಿ ಅಡ್ಡ ಆದರೆ ಮಗುಚಿತು ಅಂತಲೇ ಅರ್ಥ. ಮೊದಲ ಸಲ ನನ್ನನ್ನು ದೋಣಿಯಲ್ಲಿ ಕರೆದುಕೊಂಡು ಹೋದಾಗ ನೀನು ಹೇಳಿದ್ದೆಯಲ್ಲ, "ಅಳಿವೆಲಿ ಮೂತಿ ತಿರುಗಿಸ್ಬಾರ್ದು ಮಗಾ. ಸಾಯ್ತೆ ಅನ್ಸಿದ್ರೂ ನೇರನೇ ಹೋಗ್ಬೇಕು." ನಾನು ಎದ್ದು ನಿಂತು ಇಡೀ ಎದೆಯಿಂದ ಕೂಗಿದೆ. "ತಿರುಗ್ಬೇಡ್ವೇ! ಸ್ಟ್ರೇಟ್! ಸ್ಟ್ರೇಟ್ ಹೋಗೇ!"

ಅವಳು ನೇರ ಹೋದಳು. ಲಿಫ್ಟಿನ ಕಂಬದ ತನಕ.

ತೊಡೆಯ ಮೂಳೆ ಎರಡು ಕಡೆ ಮುರಿದಿದೆ. ಸೊಂಟ. ತಲೆ. ನಾನು ಕೂಗಿದ್ದು ಆ ಗಾಳಿಯಲ್ಲಿ ಅವಳನ್ನು ಬಿಟ್ಟು ಯಾರಿಗೂ ಕೇಳಿಸಿಲ್ಲ, ಚಂದನಾಗೆ ಆ ದಿನದ್ದು ಏನೂ ನೆನಪಿಲ್ಲ ಅನ್ನುತ್ತಾರೆ. ಈಗ ಅವಳನ್ನು ಕುಮಟೆಯ ಮನೆಗೆ ತಂದಿದ್ದಾರೆ. ಕಣ್ಣಿಗೆ ಎಲ್ಲವೂ ಎರಡೆರಡು ಕಾಣುತ್ತದಂತೆ, ಫೋನು ನೋಡಬಾರದು, ಕಿವಿಗೆ ಹಚ್ಚಲೂಬಾರದು ಅಂತ ಡಾಕ್ಟರು ಹೇಳಿದ್ದಾರಂತೆ. ಪತ್ರ ಬರೆದರೆ ಕುಸುಮಾ ಆಂಟಿ ಜೋರಾಗಿ ಓದಿ ಹೇಳುತ್ತಾರೆ. ಅಂದರೆ ಅವಳಿಗೆ ಹೇಳುವುದೆಂದರೆ ಅವಳ ಅಮ್ಮನ ಬಾಯಿಂದಲೇ ಹೇಳಿಸುವುದು.

ಹೇಳಿದರೆ ಅವಳು ನನ್ನ ಕೈ ಬಿಟ್ಟು ಹೋಗುತ್ತಾಳೆ. ಏಳು ವರ್ಷದ ಹಾಸ್ಟೆಲಿನಲ್ಲಿ ನನಗೆ ಸಿಕ್ಕಿದ್ದು ಅವಳೊಬ್ಬಳೇ. ಹೇಳದಿದ್ದರೆ ನಾನು ಹೀಗೇ ಇರುತ್ತೇನೆ, ಅನ್ನ ಇಳಿಯದೆ. ಎಂತ ಮಾಡಲಿ ಅಪ್ಪ?

ನಿನ್ನ
ಮೂಕಾಂಬಿಕಾ


ಹಾಸ್ಟೆಲ್, ಭಟ್ಕಳ
1 ಫೆಬ್ರವರಿ 2026

ಡಿಯರ್ ಚಂದು (ಓದಿ ಹೇಳುತ್ತಿರುವ ಕುಸುಮಾ ಆಂಟಿಗೆ ನಮಸ್ಕಾರ),

ಹೇಗಿದ್ದೀಯೇ? ಇಲ್ಲಿ ಎಲ್ಲ ಫಸ್ಟ್ ಕ್ಲಾಸ್. ಮೆಸ್ಸಿನಲ್ಲಿ ಸಾಂಬಾರು ಇನ್ನೂ ಅದೇ ಬಣ್ಣ. ಫಿಸಿಕ್ಸ್ ಲ್ಯಾಬಿನಲ್ಲಿ ನಿನ್ನ ಬದಲು ನನಗೆ ಜೋಡಿಯಾಗಿ ಸಿಕ್ಕವಳು ರೀಡಿಂಗನ್ನು ಮನೆಯಲ್ಲೇ ಬರೆದು ತರುತ್ತಾಳೆ. ನಿನ್ನ ಮಂಚ ಹಾಗೇ ಇದೆ. ಅದರ ಮೇಲೆ ಯಾರಿಗೂ ಬಟ್ಟೆ ಒಣಗಿಸಲು ಬಿಟ್ಟಿಲ್ಲ. ಬಂದು ನೋಡಬೇಕು ಅಂತ ತುಂಬಾ ಇದೆ, ಆದರೆ ಇಂಟರ್ನಲ್ಸ್ ಟೆನ್ಶನ್. ಬೇಗ ಗುಣವಾಗು, ಓಕೆ?

ನಿನ್ನವಳೇ
ಅಂಬಿ


ಕುಮಟಾ
10 ಫೆಬ್ರವರಿ 2026

ಅಂಬಿ,

ಇದು ಅಮ್ಮನ ಅಕ್ಷರ, ನನ್ನ ಮಾತು. ಅಮ್ಮ ಹೈಸ್ಕೂಲು ಟೀಚರು ಅನ್ನುವುದು ನೆನಪಿರಲಿ, ನಾನು ಹೇಳಿದ್ದಕ್ಕೆಲ್ಲ ಅಲ್ಪವಿರಾಮ ಹಾಕುತ್ತಾಳೆ. ಬೈಗುಳ ಬಿಟ್ಟುಬಿಡುತ್ತಾಳೆ. (ಎರಡು ಬಿಟ್ಟಿದ್ದೇನೆ. ಕುಸುಮಾ.)

ನಿನ್ನ ಪತ್ರ ಎಂತದೇ ಅದು? ಸಾಂಬಾರು, ಲ್ಯಾಬು, ಮಂಚ. ಶಾಲೆಯಲ್ಲಿ ವಾರ್ಡನ್ ಓದುತ್ತಾರೆ ಅಂತ ಹೀಗೇ ಬರೆಯುತ್ತಿದ್ದೆವು. ಭಟ್ಕಳದಿಂದ ಇಲ್ಲಿಗೆ ಬಸ್ಸಿಗೆ ಒಂದೂವರೆ ತಾಸು. ಕಜಕಸ್ತಾನಕ್ಕೆ ಬಂದವಳಿಗೆ ಕುಮಟೆ ದೂರ ಆಯಿತಾ?

ನನಗೆ ಅಪ್ಪ ಇಬ್ಬರು ಕಾಣುತ್ತಾರೆ. ಇಬ್ಬರೂ ದಿನವಿಡೀ ಫೋನಿನಲ್ಲಿ ಯಾರಿಗೋ ಬೈಯುತ್ತಾ ಇರುತ್ತಾರೆ. ಅಮ್ಮನೂ ಇಬ್ಬರು, ಇಬ್ಬರೂ ಗಂಜಿಯನ್ನೇ ತರುತ್ತಾರೆ. (ಡಾಕ್ಟರು ಹೇಳಿದ್ದು.) ಕಾಲಿನೊಳಗೆ ಕಬ್ಬಿಣದ ಸರಳು ಇದೆ. ನಿಲ್ಲಿಸಲು ಒಬ್ಬ ಫಿಸಿಯೋ ಬರುತ್ತಾನೆ. ನಾನು ನಿಲ್ಲುವುದಿಲ್ಲ.

ಆ ದಿನದ್ದು ಕೇಳಿದರೆ ನನಗೆ ಬಿಳಿ ಮಾತ್ರ. ಬಿಳಿ, ಆಮೇಲೆ ಇನ್ನಷ್ಟು ಬಿಳಿ. ನೀನು ಅಲ್ಲೇ ಇದ್ದೆಯಲ್ಲ. ನೀನು ಹೇಳು. ನಾನು ಹೇಗೆ ಬಿದ್ದೆ?

ಚಂದನಾ
(ಮಗಾ, ಇದಕ್ಕೆ ನಿಧಾನಕ್ಕೆ ಉತ್ತರ ಬರೆದರೆ ಸಾಕು. ಅವಳಿಗೆ ಗಾಬರಿ ಆಗುವ ಹಾಗೆ ಬರೆಯಬೇಡ. ಕುಸುಮಾ.)


ಕಾಸರಕೋಡ, ಹೊನ್ನಾವರ
14 ಫೆಬ್ರವರಿ 2026

ಮಗಾ ಮೂಕಾಂಬಿ,

ಪತ್ರ ಬಂತು. ಆಯಿಗೆ ಕೊಡಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಮೂರು ದಿನ ದೋಣಿಗೆ ಹೋದೆ. ನನಗೆ ಬರೆಯುವ ರೂಢಿ ಇಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದು.

ನಾನು ಹೇಳಿದ್ದು ಖರೆ. ಅಳಿವೆಯಲ್ಲಿ ನೇರ ಹೋಗಬೇಕು. ಆದರೆ ಅದು ಅರ್ಧ ಮಾತು. ಉಳಿದ ಅರ್ಧ ನಿನಗೆ ಹೇಳಿಕೊಡಲಿಲ್ಲ, ಹೇಳಬೇಕು ಅಂತಲೇ ತೋರಲಿಲ್ಲ, ಇಲ್ಲಿ ಹುಟ್ಟಿದವರಿಗೆ ಗೊತ್ತಿರುತ್ತದೆ ಅಂದುಕೊಂಡೆ. ನೀನು ಹಾಸ್ಟೆಲಿನಲ್ಲಿ ಬೆಳೆದೆ. ತಪ್ಪು ನನ್ನದೂ ಇದೆ.

ದೋಣಿ ಅಳಿವೆ ದಾಟುವಾಗ ಮಾತಾಡುವವನು ಒಬ್ಬನೇ. ಹಿಂದೆ ಚುಕ್ಕಾಣಿ ಹಿಡಿದವನು. ಮಗುಚಿದರೆ ಅವನೂ ನೀರಿಗೆ ಬೀಳುತ್ತಾನೆ, ಅದಕ್ಕೇ ಅವನ ಮಾತು ನಡೆಯುವುದು. ದಡದ ಮೇಲೆ ನಿಂತವರು ಎಷ್ಟೇ ಕಂಡರೂ ಬಾಯಿ ಬಿಡಬಾರದು. ದಡದಿಂದ ನೀರು ಬೇರೆ ಥರ ಕಾಣುತ್ತದೆ. ನಾಲ್ಕು ವರ್ಷದ ಹಿಂದೆ ನಮ್ಮ ದೋಣಿ ಅಡ್ಡ ಆದ ದಿವಸ ನಿನ್ನ ಆಯಿ ದಡದಲ್ಲೇ ಇದ್ದಳು. ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು, ಕೂಗಲಿಲ್ಲ. ಕೂಗಿದ್ದರೆ ನಾನು ಅವಳ ಕಡೆ ನೋಡುತ್ತಿದ್ದೆ.

ನೀನು ದಡದಿಂದ ಕೂಗಿದೆ.

ಎಂತ ಮಾಡಲಿ ಅಂತ ಕೇಳಿದ್ದೀ. ಈಗ ದಾಟುವವಳು ನೀನು. ನಾನು ದಡದಲ್ಲಿ ಇದ್ದೇನೆ. ಕೂಗುವುದಿಲ್ಲ.

ಊಟ ಮಾಡು.

ನಿನ್ನ ಅಪ್ಪ
ನಾಗಪತಿ ಹರಿಕಂತ್ರ


ಹಾಸ್ಟೆಲ್, ಭಟ್ಕಳ
22 ಫೆಬ್ರವರಿ 2026

ಡಿಯರ್ ಚಂದು,

ಲೇಟ್ ಆಯಿತು, ಸಾರಿ. ನೀನು ಕೇಳಿದ್ದಕ್ಕೆ ಹೇಳಬೇಕೆಂದರೆ, ನನಗೂ ಸರಿಯಾಗಿ ಕಂಡಿಲ್ಲ. ಗುಳ್ಳೆಯ ಕಾಲು ನೋಡಿಕೊಳ್ಳುತ್ತಾ ಕೂತಿದ್ದೆ. ತಲೆ ಎತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅದು ಬಿಡು. ಮೊದಲನೇ ದಿನ ನೆನಪಿದೆಯಾ? ನಿಮ್ಮ ಅಮ್ಮ ತಂದಿದ್ದ ತೆಂಗಿನೆಣ್ಣೆ ಬಾಟಲಿಯಲ್ಲೇ ಕಲ್ಲಾಗಿ, ಹೋಟೆಲಿನವರ ಹೀಟರಿನ ಮೇಲೆ ಇಟ್ಟು, ರೂಮೆಲ್ಲ ಕುಮಟೆಯ ಹಾಗೆ ವಾಸನೆ ಬಂತಲ್ಲ. ನಿಮ್ಮ ಅಪ್ಪ ಮಂಕಿ ಕ್ಯಾಪ್ ಹಾಕಿ ಹಿಮದ ಮೇಲೆ ಕೂತು "ಇದ್ರ ಮೇಲೆ ಸ್ವಲ್ಪ ಕೋಕಂ ಶರಬತ್ತು ಸುರಿದ್ರೆ ಮಜಾ ಇತ್ತು" ಅಂದರು. ನೀನು ನಕ್ಕೂ ನಕ್ಕೂ ಬಿದ್ದೆ. ನಾನು ಎಬ್ಬಿಸಲು ಹೋಗಿ ನಾನೂ ಬಿದ್ದೆ. ಯೆರ್ಲಾನ್ ಸೇಬು ಕತ್ತರಿಸಿ ಚಾಕುವಿನ ತುದಿಯಲ್ಲೇ ಚುಚ್ಚಿ ಕೊಟ್ಟ. ಅಷ್ಟು ಗಟ್ಟಿ ನಕ್ಕದ್ದು ನನ್ನ ಜನ್ಮದಲ್ಲಿ ಅದೇ ಮೊದಲು ಇರಬೇಕು.

ಮುಂದಿನ ವಾರ ಖಂಡಿತ ಬರುತ್ತೇನೆ.

ಅಂಬಿ


ಕುಮಟಾ
4 ಮಾರ್ಚ್ 2026

ಚಿ. ಮೂಕಾಂಬಿಕಾಗೆ ದಿವಾಕರ ಅಂಕಲ್ ಮಾಡುವ ಆಶೀರ್ವಾದ.

ನನ್ನದು ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ಲು ಬರೆಯುವ ಕನ್ನಡ. ನೇರ ವಿಷಯಕ್ಕೆ ಬರುತ್ತೇನೆ. ಅಲ್ಲಿನ ಆಸ್ಪತ್ರೆಯಲ್ಲಿ ಪೂರ್ತಿ ಎಚ್ಚರ ಆಗುವ ಮೊದಲು ಚಂದನಾ ಎರಡು ದಿವಸ ಒಂದೇ ಮಾತು ಕನವರಿಸಿದಳು. ಸ್ಟ್ರೇಟ್, ಸ್ಟ್ರೇಟ್. ಹಾಗೆ ಹೋಗು ಅಂದವನು ಕಲಿಸುವವನಲ್ಲದೆ ಇನ್ಯಾರು? ಅವನು ಒಪ್ಪುವುದಿಲ್ಲ. ಟರ್ನ್ ಅಂತಲೇ ಕೂಗಿದೆ ಅನ್ನುತ್ತಾನೆ. ನಾನು ಕೊಟ್ಟ ದೂರಿನ ಮೇಲೆ ಅವನನ್ನು ಕೆಲಸದಿಂದ ನಿಲ್ಲಿಸಿ ಇಟ್ಟಿದ್ದಾರೆ. ಮಾರ್ಚ್ ಮೂವತ್ತೊಂದಕ್ಕೆ ತೀರ್ಮಾನ.

ಹತ್ತಿರದಲ್ಲಿ ಇದ್ದವಳು ನೀನೊಬ್ಬಳು. ವಕೀಲರು ಬರೆದ ಹೇಳಿಕೆ ಇದರ ಜೊತೆಗಿದೆ. 'ತರಬೇತುದಾರನು ನೇರ ಹೋಗಲು ಹೇಳಿದ್ದನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ' ಅಂತ ಇದೆ. ಕೆಳಗೆ ಸಹಿ ಹಾಕಿ ಕಳಿಸು. ಒಂದು ರೂಪಾಯಿ ಪರಿಹಾರ ನನಗೆ ಬೇಡ. ಅವನು ಇನ್ನು ಜನ್ಮದಲ್ಲಿ ಯಾರ ಮಗಳನ್ನೂ ಗುಡ್ಡ ಹತ್ತಿಸಬಾರದು, ಅಷ್ಟೇ.

ಇದೆಲ್ಲ ಚಂದನಾಗೆ ತಿಳಿಸಿಲ್ಲ. ನೀನೂ ಬರೆಯಬೇಡ.

ದಿವಾಕರ ನಾಯ್ಕ


ಕುಮಟಾ
15 ಮಾರ್ಚ್ 2026

ಪ್ರೀತಿಯ ಮೂಕಾಂಬಿಕಾ,

ಈ ಪತ್ರ ಚಂದನಾಗೆ ಓದಿ ಹೇಳುವುದಿಲ್ಲ. ಅವಳು ಮಲಗಿರುವಾಗ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಅವಳು ನಿಲ್ಲುತ್ತಿಲ್ಲ ಮಗಾ. ಮೂಳೆ ಕೂಡಿದೆ, ನಿಲ್ಲಬಹುದು, ಈಗ ನಿಲ್ಲದಿದ್ದರೆ ಮುಂದೆ ಕಷ್ಟ ಅಂತ ಡಾಕ್ಟರು ಹೇಳುತ್ತಾರೆ. ಫಿಸಿಯೋ ಬಂದರೆ ಗೋಡೆಯ ಕಡೆ ತಿರುಗುತ್ತಾಳೆ. ನಿನ್ನ ಪತ್ರ ಬಂದ ದಿವಸ ಎರಡೆರಡು ಸಲ ಓದಿಸಿಕೊಳ್ಳುತ್ತಾಳೆ. ಆಮೇಲೆ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಾಳೆ. ನೀನು ಬರುತ್ತೇನೆ ಅಂದ ವಾರ ಹೊಸ ಚೂಡಿದಾರ ಹಾಕಿಸಿಕೊಂಡು ಕಾದಿದ್ದಳು.

ನಾನು ಇಪ್ಪತ್ತೆರಡು ವರ್ಷ ಉತ್ತರಪತ್ರಿಕೆ ತಿದ್ದಿದವಳು. ನಿನ್ನ ಪತ್ರದಲ್ಲಿ ಕೆಲವು ಕಡೆ ಪೆನ್ನು ನಿಂತು ನಿಂತು ಕಾಗದ ತೂತಾಗಿದೆ. ಬಿಟ್ಟದ್ದು ಎಂತದೋ ಇದೆ ಅಂತ ತಿಳಿಯುತ್ತದೆ. ಕೇಳುವ ಧೈರ್ಯ ನನಗಿಲ್ಲ, ಯಾಕೆಂದರೆ ಆಗ ನಾನೂ ಹೇಳಬೇಕಾಗುತ್ತದೆ. ಆ ಹೊತ್ತಿನಲ್ಲಿ ನಾನು ಕಿಟಕಿಗೆ ಬೆನ್ನು ಹಾಕಿ ಕೂತಿದ್ದೆ, ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಅಂತ. ರಾಘು ಹೆಂಡತಿಯ ಜೊತೆ ಮಾತು, ನಗು. ಮಗಳು ಬೀಳುವಾಗ ನಾನು ನಗುತ್ತಿದ್ದೆ.

ನಮ್ಮವರು ಕಳಿಸಿದ ಕಾಗದಕ್ಕೆ ಸಹಿ ಹಾಕಿಬಿಡು. ಖರೆಯೋ ಸುಳ್ಳೋ ನನಗೆ ಬೇಡ. ಅವರಿಗೆ ಸಿಟ್ಟು ಮಾಡಲು ದೂರದಲ್ಲಿ ಒಬ್ಬ ಬೇಕು. ಇಲ್ಲದಿದ್ದರೆ ಆ ಸಿಟ್ಟು ಈ ಮನೆಯೊಳಗೇ ಸುತ್ತುತ್ತದೆ. ನಮ್ಮಿಂದ ತಡೆಯಲು ಆಗುವುದಿಲ್ಲ.

ನಿನ್ನ
ಕುಸುಮಾ ಆಂಟಿ


ಹಾಸ್ಟೆಲ್, ಭಟ್ಕಳ
22 ಮಾರ್ಚ್ 2026

ಕುಸುಮಾ ಆಂಟಿ, ದಿವಾಕರ ಅಂಕಲ್, ಚಂದು,

ಆಂಟಿ, ಇದನ್ನು ಜೋರಾಗಿ ಓದಿ. ಅಂಕಲ್ಲೂ ಮನೆಯಲ್ಲಿರುವಾಗ. ಅರ್ಧಕ್ಕೆ ನಿಲ್ಲಿಸಬೇಡಿ, ಪ್ಲೀಸ್. ನಿಲ್ಲಿಸಿದರೆ ನಾನು ಮತ್ತೆ ಬರೆಯುವುದಿಲ್ಲ, ನನಗೆ ಗೊತ್ತು.

ಸ್ಟ್ರೇಟ್ ಅಂದವಳು ನಾನು.

ಯೆರ್ಲಾನ್ ಟರ್ನ್ ಅಂತಲೇ ಕೂಗಿದ್ದ. ಚಂದು ಸರಿಯಾಗಿಯೇ ತಿರುಗುತ್ತಿದ್ದಳು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ನಿಲ್ಲುತ್ತಿದ್ದಳು. ನನಗೆ ಕಂಡದ್ದು ಹಿಮ ಅಲ್ಲ, ನನಗೆ ಕಂಡದ್ದು ನಮ್ಮೂರ ಅಳಿವೆ. ಅಡ್ಡ ಆದ ದೋಣಿ ಕಂಡಿತು. ಮೂರು ದಿನ ಕಲಿಸಿದ್ದು ಒಂದೂ ತಲೆಗೆ ಹತ್ತದೆ, ಚಿಕ್ಕಂದಿನಲ್ಲಿ ಅಪ್ಪ ಹೇಳಿದ್ದು ಬಾಯಿಗೆ ಬಂತು. ನಾನು ಸುರಕ್ಷಿತವಾಗಿ ಬದಿಯಲ್ಲಿ ಕೂತು, ಕಾಲಿಗೆ ಹಲಗೆ ಸಹ ಇಲ್ಲದೆ, ಜಾರಿ ಬರುತ್ತಿದ್ದವಳಿಗೆ ದಾರಿ ಹೇಳಿದೆ. ಇದು ಎಕ್ಸ್‌ಕ್ಯೂಸ್ ಅಲ್ಲ. ಹೇಗಾಯಿತು ಅಂತ ಚಂದು ಕೇಳಿದ್ದಳು, ಅದಕ್ಕೆ ಉತ್ತರ.

ಕಾಲು ನೋಡಿಕೊಳ್ಳುತ್ತಿದ್ದೆ ಅಂತ ಬರೆದದ್ದು ಸುಳ್ಳು. ನಾನು ಕಣ್ಣು ಮಿಟುಕಿಸದೆ ನೋಡಿದ್ದೇನೆ. ಮೊದಲು ಓಡಿ ಬಂದವನು ಯೆರ್ಲಾನ್. ತನ್ನ ಜಾಕೆಟ್ ಬಿಚ್ಚಿ ಚಂದುವಿಗೆ ಹೊದಿಸಿದ, ಆಂಬುಲೆನ್ಸ್ ಬರುವ ತನಕ ಆ ಚಳಿಯಲ್ಲಿ ಬನಿಯನ್ನಿನಲ್ಲೇ ಮೊಣಕಾಲೂರಿ ಕೂತು ಅವಳ ತಲೆ ಅಲುಗದ ಹಾಗೆ ಎರಡು ಕೈಯಲ್ಲಿ ಹಿಡಿದಿದ್ದ. ನಾನು ಹತ್ತಿರ ಹೋಗಲಿಲ್ಲ. ಆಂಬುಲೆನ್ಸಿನಲ್ಲಿ ಆಂಟಿ ನನ್ನ ಕೈ ಹಿಡಿದು "ನೀನಾದ್ರೂ ಸರಿ ಇದ್ಯಲ್ಲ ಮಗಾ" ಅಂದರು. ಆ ಮಾತು ಈಗಲೂ ಕಿವಿಯಲ್ಲಿ ಹಾಗೇ ಇದೆ.

ಇಂಟರ್ನಲ್ಸ್ ಅಂದದ್ದೂ ಸುಳ್ಳು. ಮೂರು ಸಲ ಬಸ್ಸು ಹತ್ತಿದ್ದೇನೆ. ಎರಡು ಸಲ ಹೊನ್ನಾವರದಲ್ಲಿ ಇಳಿದೆ. ಒಂದು ಸಲ ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ನಿಮ್ಮ ಓಣಿಯ ಮೂಲೆಯ ಮೆಡಿಕಲ್ ಶಾಪಿನ ತನಕ ಬಂದು, ಯಾಕೆ ನಿಂತಿದ್ದೀ ಅಂತ ಅವರು ಕೇಳಿದ್ದಕ್ಕೆ ಒಂದು ತಲೆನೋವಿನ ಮಾತ್ರೆ ತೆಗೆದುಕೊಂಡು ಭಟ್ಕಳದ ಬಸ್ಸು ಹತ್ತಿದೆ.

ಅಂಕಲ್, ವಕೀಲರ ಕಾಗದವನ್ನು ಸಹಿ ಇಲ್ಲದೆ ವಾಪಸ್ ಕಳಿಸುತ್ತಿದ್ದೇನೆ. ನಡೆದದ್ದನ್ನು ನಾನೇ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿ ಜೊತೆಗಿಟ್ಟಿದ್ದೇನೆ. ದೂರು ನಿಮ್ಮ ಹೆಸರಿನಲ್ಲಿ ಇರುವುದರಿಂದ ನೀವೇ ಅದನ್ನು ಅಲ್ಲಿಗೆ ಕಳಿಸಬೇಕು. ಮೂವತ್ತೊಂದರ ಒಳಗೆ. ಸಿಟ್ಟು ಮಾಡಲು ನಿಮಗೆ ದೂರದವನು ಬೇಡ. ನಾನು ಒಂದೂವರೆ ತಾಸಿನ ದೂರದಲ್ಲಿದ್ದೇನೆ.

ಚಂದು, ನಿನಗೆ ಬರೆಯಲು ಮಾತು ಸಿಗುತ್ತಿಲ್ಲ. ಸಾರಿ ಅನ್ನುವುದನ್ನು ನಾವು ಕಾಲು ತುಳಿದರೂ ಅನ್ನುತ್ತೇವೆ.

ಮೂಕಾಂಬಿಕಾ


ಹಾಸ್ಟೆಲ್, ಭಟ್ಕಳ
5 ಏಪ್ರಿಲ್ 2026

ಚಂದು,

ತೀರ್ಮಾನದ ದಿನ ಕಳೆದುಹೋಯಿತು. ಕಾಗದ ಕಳಿಸಿದರೋ ಇಲ್ಲವೋ ಗೊತ್ತಿಲ್ಲ. ಅಂಕಲ್‌ಗೆ ಫೋನ್ ಮಾಡಿದೆ, ನನ್ನ ನಂಬರಿನಿಂದ ಕಾಲ್ ಹೋಗುತ್ತಲೇ ಇಲ್ಲ. ಪೋಸ್ಟ್ ಬರುವ ಹೊತ್ತಿಗೆ ಕ್ಲಾಸ್ ಬಿಟ್ಟು ಗೇಟಿನ ಹತ್ತಿರ ನಿಲ್ಲುತ್ತಿದ್ದೇನೆ. ಬೈದಾದರೂ ಬರೆಸು. ಆಂಟಿ ಒಂದು ಬೈಗುಳವನ್ನೂ ಬಿಡದೆ ಬರೆಯಲಿ.

ಅಂಬಿ


ಹಾಸ್ಟೆಲ್, ಭಟ್ಕಳ
26 ಏಪ್ರಿಲ್ 2026

ಅಪ್ಪ,

ಹೋದ ವಾರ ಚಂದುವಿಗೆ ರಿಜಿಸ್ಟರ್ಡ್ ಮಾಡಿ ಕಳಿಸಿದ ಪತ್ರ ಒಡೆಯದೆ ತಿರುಗಿ ಬಂತು. ಮೇಲೆ ಪೋಸ್ಟಿನವರು ಕೆಂಪು ಪೆನ್ನಿನಲ್ಲಿ 'ಸ್ವೀಕರಿಸಲು ನಿರಾಕರಿಸಿದ್ದಾರೆ' ಅಂತ ಬರೆದಿದ್ದಾರೆ. ಅದೇ ದಿನ ವಾರ್ಡನ್ ಅವಳ ಮಂಚಕ್ಕೆ ಬೇರೆ ಹುಡುಗಿಯನ್ನು ಹಾಕಿದರು. ಚಾದರ ನಾನೇ ಮಡಚಿ ಕಟ್ಟಿದೆ. ಆ ಹುಡುಗಿ ಒಳ್ಳೆಯವಳೇ, ಹೆಬಳೆ ಊರಿನವಳು, ಬಂದವಳೇ ಚಕ್ಕುಲಿ ಕೊಟ್ಟಳು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಪುಸ್ತಕ ತೆರೆದರೆ ಅಕ್ಷರ ನಿಲ್ಲುವುದಿಲ್ಲ. ಸೆಮಿಸ್ಟರ್ ಪರೀಕ್ಷೆ ಬರೆಯಲು ನನ್ನಿಂದ ಆಗುತ್ತದೆ ಅಂತ ತೋರುವುದಿಲ್ಲ. ಸ್ವಲ್ಪ ದಿನ ಮನೆಗೆ ಬರಲಾ?

ಮೂಕಾಂಬಿ


ಕಾಸರಕೋಡ
29 ಏಪ್ರಿಲ್ 2026

ಮಗಾ,

ಬಾ. ಆಯಿಗೆ ಹೇಳಿದ್ದೇನೆ. ಅವಳು ಎಂತದೂ ಕೇಳುವುದಿಲ್ಲ. ಬಸ್ಸಿಗೆ ಬೇಡ, ನಾನೇ ಬಂದು ಕರಕೊಂಡು ಬರುತ್ತೇನೆ.

ಅಪ್ಪ


ಕುಮಟಾ
3 ಮೇ ಇಂದ 10 ಮೇ ತನಕ, 2026

ಅಂಬಿ,

ಇದು ನನ್ನದೇ ಕೈ. ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡರೆ ಅಕ್ಷರ ಒಂದೇ ಕಾಣುತ್ತದೆ. ದಿನಕ್ಕೆ ನಾಲ್ಕು ಸಾಲು ಆಗುತ್ತದೆ, ಐದನೆಯದಕ್ಕೆ ತಲೆ ಸಿಡಿಯುತ್ತದೆ. ಆದ್ದರಿಂದ ಇದು ಒಂದು ವಾರದ ಪತ್ರ. ಹಾಸ್ಟೆಲಿಗೆ ಅಮ್ಮ ಫೋನ್ ಮಾಡಿದಾಗ ನೀನು ಊರಿಗೆ ಹೋದೆ ಅಂದರು.

ಅಮ್ಮ ನಿನ್ನ ಪತ್ರ ಪೂರ್ತಿ ಓದಲಿಲ್ಲ. 'ಸ್ಟ್ರೇಟ್ ಅಂದವಳು ನಾನು' ಅನ್ನುವಲ್ಲಿಗೆ ಕಾಗದ ಕೆಳಗಿಟ್ಟು ಎದ್ದು ಹೋದಳು. ಉಳಿದದ್ದನ್ನು ಅಪ್ಪ ಜೋರಾಗಿ ಓದಿದ. ಓದಿ ಮಡಚಿ ಕಿಸೆಗೆ ಹಾಕಿಕೊಂಡ. "ಆ ಹುಡ್ಗಿ ಹೆಸ್ರು ಇನ್ನು ಈ ಮನೇಲಿ ಎತ್ಬೇಡಿ" ಅಂದ. ನಿನ್ನ ರಿಜಿಸ್ಟರ್ಡ್ ಬಂದ ದಿನ ಅಂಗಡಿಗೆ ಹೋಗದೆ ಮನೆಯಲ್ಲಿದ್ದ, ತಿರುಗಿಸಿದ್ದೂ ಅವನೇ.

ನನಗೆ ನೆನಪಿತ್ತು. ಬಿಳಿ ಅಂದದ್ದು ಸುಳ್ಳು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗಲೇ ನೆನಪಿತ್ತು. ನೀನೇ ಹೇಳುತ್ತೀ ಅಂತ ಕಾದೆ. ನೀನು ಸಾಂಬಾರಿನ ಬಗ್ಗೆ ಬರೆದೆ. ಆ ಪತ್ರವನ್ನು ಎರಡು ಸಲ ಓದಿಸಿದೆ, ಎಲ್ಲಾದರೂ ಬಿಟ್ಟುಹೋಯಿತಾ ಅಂತ. ಮೂಳೆ ಮುರಿದದ್ದಕ್ಕಿಂತ ಆ ಸಾಂಬಾರು ನೋಯಿಸಿತು.

ಎರಡು ಕೂಗು ಕೇಳಿತ್ತು. ಒಂದು ಅವನದು, ಒಂದು ನಿನ್ನದು. ಅವನನ್ನು ಕಂಡು ನಾಲ್ಕು ದಿನ. ನಿನ್ನನ್ನು ಏಳು ವರ್ಷ. ಯೋಚನೆ ಮಾಡಲೇ ಇಲ್ಲ. ಇದನ್ನು ನಿನಗೆ ಸಮಾಧಾನ ಆಗಲಿ ಅಂತ ಬರೆಯುತ್ತಿಲ್ಲ.

ಯೆರ್ಲಾನ್ ವಿಷಯ ನನಗೆ ನಿನ್ನ ಪತ್ರದಿಂದಲೇ ತಿಳಿದದ್ದು. ಮಾರ್ಚ್ ಮೂವತ್ತನೇ ತಾರೀಕು ಅಪ್ಪನಿಗೆ ಹೇಳಿದೆ, ಅವಳ ಕಾಗದ ಕಳಿಸು ಅಂತ. ಆಗೂದಿಲ್ಲ ಅಂದ, ತಿರುಗಿ ಹೊರಟ. ನಾನು ಮಲಗಿದ್ದೇನೆ, ಹಿಂದೆ ಹೋಗಲು ಆಗುವುದಿಲ್ಲ, ಅದಕ್ಕೇ ಅಲ್ಲವಾ ಹೊರಟದ್ದು? ನನಗೆ ಬಂದ ಸಿಟ್ಟಿಗೆ ಮಂಚದ ಸರಳು ಹಿಡಿದು ನಿಂತುಬಿಟ್ಟೆ. ನಿಂತು ಕೂಗಿದೆ. ಅಪ್ಪ ತಿರುಗಿ ನೋಡಿ ಬಾಗಿಲು ಹಿಡಿದುಕೊಂಡ. ಅಮ್ಮ ಓಡಿ ಬಂದು ಹಿಡಿಯುವ ತನಕ ನಿಂತಿದ್ದೆ. ಅಪ್ಪ ಅವತ್ತೇ ಇಮೇಲಿನಲ್ಲಿ ಕಳಿಸಿದ.

ಯೆರ್ಲಾನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡರಂತೆ. ಅಷ್ಟರಲ್ಲಿ ಚಳಿಗಾಲ ಮುಗಿದಿತ್ತು. ಹಿಮ ಕರಗಿ ಕೆಲಸವೇ ಇರಲಿಲ್ಲ.

ಅವತ್ತಿನ ನಂತರ ಎರಡು ಸಲ ನಿಂತಿದ್ದೇನೆ, ಬಿದ್ದಿದ್ದೇನೆ. ಕೋಲು ಹಿಡಿದು ನಡೆಯಬಹುದು, ನಡೆಯದೆಯೂ ಇರಬಹುದು ಅನ್ನುತ್ತಾರೆ. ಓಡುವ ಮಾತು ಯಾರೂ ಎತ್ತುವುದಿಲ್ಲ.

ನೀನು ಬರಬೇಡ. ಬಂದರೆ ನೀನು ಅಳುತ್ತೀ, ನಾನೂ ಅಳುತ್ತೇನೆ, ಅಮ್ಮ ಚಹಾ ಮಾಡುತ್ತಾಳೆ, ಅಷ್ಟಕ್ಕೇ ಎಲ್ಲ ಮುಗಿದ ಹಾಗೆ ಆಗುತ್ತದೆ. ಮುಗಿಯಬಾರದು. ನಿನ್ನ ಮೇಲೆ ನನಗೆ ಇನ್ನೂ ತುಂಬಾ ಸಿಟ್ಟು ಮಾಡುವುದು ಉಳಿದಿದೆ. ದಿನಕ್ಕೆ ನಾಲ್ಕು ಸಾಲಿನ ಹಾಗೆ ಅದಕ್ಕೆ ವರ್ಷಗಳೇ ಬೇಕು.

ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಅಪ್ಪ ಅಂಗಡಿಯಲ್ಲಿರುತ್ತಾನೆ. ಅಮ್ಮ ಓದುವುದಿಲ್ಲ, ತಂದು ಕೈಗೆ ಕೊಡುತ್ತೇನೆ ಅಂದಿದ್ದಾಳೆ. ಒಂದೊಂದಕ್ಕೂ ಉತ್ತರ ಬರೆಯಬೇಕು. ಅಕ್ಷರ ದೊಡ್ಡದಿರಲಿ.

ಚಂದನಾ